ಚಕ್ರದ ಹಿಂದಿನ ಬಿಲ್ಲೆ: ಜೀಪು, ಸ್ಪೇಸರ್ ಮತ್ತು ಮಲೆನಾಡಿನ ದಾರಿ

(ಮಲೆನಾಡಿನ ಜೀಪು ಚಾಲಕರು, ಗ್ಯಾರೇಜಿನವರು ಹಾಗೂ ತೋಟಗಾರರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕಾಡು, ನದಿ, ಗಣಿ, ಅಣೆಕಟ್ಟುಗಳ ಕುರಿತು ಚರ್ಚೆ ನಡೆಯುವ ವೇದಿಕೆಯಲ್ಲಿ ಜೀಪಿನ ಚಕ್ರದ ಹಿಂದೆ ಹಾಕುವ ಲೋಹದ ಬಿಲ್ಲೆಯೊಂದರ ಬಗ್ಗೆ ಮಾತೇಕೆ ಎಂದು ಕೆಲವರಿಗಾದರೂ ಅನ್ನಿಸಬಹುದು. ಬಿಲ್ಲೆ ಚಿಕ್ಕದು. ಅದರ ದಪ್ಪ ಒಂದಂಗುಲದ ಆಸುಪಾಸು. ಆದರೆ ಅದು ಕೂರುವ ಜಾಗ ಚಿಕ್ಕದಲ್ಲ. ಜೀಪಿನಲ್ಲಿ ಕುಳಿತವರ ಜೀವ ಮತ್ತು ಜೀಪು ಹರಿದಾಡುವ ದಾರಿಯ ಮಣ್ಣು, ಇವೆರಡೂ ಸಂಧಿಸುವ ಸ್ಥಳದಲ್ಲಿಯೇ ಅದು ಕುಳಿತಿರುತ್ತದೆ. ಆದ್ದರಿಂದ ಅದನ್ನು ಕುರಿತು ಆಲೋಚಿಸುವುದು ಈ ಸಭೆಗೆ ಹೊರಗಿನ ವಿಷಯವಾಗದು.

ಮಲೆನಾಡಿಗೂ ಜೀಪಿಗೂ ಇರುವ ನಂಟು ಹಳೆಯದು. ಎರಡನೇ ಮಹಾಯುದ್ಧದ ಕಾಲದಲ್ಲಿ, 1941ರಲ್ಲಿ, ರೂಪು ತಳೆದ ವಿಲ್ಲಿಸ್ ಜೀಪನ್ನು ಮಹೀಂದ್ರ ಸಂಸ್ಥೆಯು 1947ರಿಂದ ಭಾರತದಲ್ಲಿ ಜೋಡಿಸತೊಡಗಿತು. ಬಸ್ಸು ಹತ್ತಲಾರದ ದಿಣ್ಣೆ, ಸೇತುವೆ ಕಾಣದ ಹಳ್ಳ, ಮಳೆಗಾಲದ ಕೆಸರು, ಇವೆಲ್ಲವನ್ನೂ ದಾಟಿ ಗೊಬ್ಬರದ ಮೂಟೆಯನ್ನೂ ಬಸುರಿ ಹೆಂಗಸನ್ನೂ ಒಂದೇ ಶ್ರದ್ಧೆಯಿಂದ ಸಾಗಿಸಿದ ವಾಹನವದು. ಜೀಪನ್ನು ದೂಷಿಸುವ ಉದ್ದೇಶ ಈ ಮಾತಿಗಿಲ್ಲ. ಬೆಟ್ಟದ ಮೇಲೊಂದು ಒಂಟಿಮನೆ ಇರುವ ತನಕ ಜೀಪು ಬೇಕು. ಆದರೆ ಯಾವ ಜೀಪು, ಎಷ್ಟು ಅಗಲದ ಜೀಪು, ಯಾವ ದಾರಿಯಲ್ಲಿ ಎಂಬ ಪ್ರಶ್ನೆಗಳನ್ನು ಕೇಳದೆ ಬಿಡುವಂತಿಲ್ಲ.

ಸ್ಪೇಸರ್ ಎಂದರೇನು?

ವಾಹನದ ಹಬ್ಬಿಗೂ ಚಕ್ರದ ಡಿಸ್ಕಿಗೂ ನಡುವೆ ಇಡುವ ಲೋಹದ ಬಿಲ್ಲೆಯೇ ವ್ಹೀಲ್ ಸ್ಪೇಸರ್. ಅದು ಚಕ್ರವನ್ನು ತನ್ನ ದಪ್ಪದಷ್ಟು ಹೊರಕ್ಕೆ ತಳ್ಳುತ್ತದೆ. ಎರಡೂ ಬದಿಗೆ 30 ಮಿ.ಮೀ. ದಪ್ಪದ ಸ್ಪೇಸರ್ ಹಾಕಿದರೆ ಎಡ-ಬಲ ಚಕ್ರಗಳ ನಡುವಿನ ಅಂತರ, ಅಂದರೆ ಚಕ್ರಾಂತರ, 60 ಮಿ.ಮೀ. ಹೆಚ್ಚುತ್ತದೆ.

ಇದರಲ್ಲಿ ಎರಡು ಬಗೆಗಳಿವೆ. ಮೊದಲನೆಯದು ಬರಿಯ ತೂತುಬಿಲ್ಲೆ. ಹಬ್ಬಿನ ಸ್ಟಡ್‌ಗಳಿಗೆ ಅದನ್ನು ತೂರಿಸಿ, ಅದರ ಮೇಲೆ ಚಕ್ರವನ್ನಿಟ್ಟು, ಅದೇ ಸ್ಟಡ್‌ಗಳಿಗೆ ನಟ್ ಬಿಗಿಯಲಾಗುತ್ತದೆ. ಬಿಲ್ಲೆ ನುಂಗಿದಷ್ಟು ಸ್ಟಡ್ಡಿನ ಉದ್ದ ನಟ್ಟಿಗೆ ಕಡಿಮೆಯಾಗುತ್ತದೆ. ನಟ್ಟಿನೊಳಗೆ ಕನಿಷ್ಠಪಕ್ಷ ಸ್ಟಡ್ಡಿನ ವ್ಯಾಸದಷ್ಟಾದರೂ ಮರೆ ಹಿಡಿದಿರಬೇಕೆಂಬುದು ಮೆಕ್ಯಾನಿಕರಿಗೆ ತಿಳಿದ ನಿಯಮ. 12 ಮಿ.ಮೀ. ಸ್ಟಡ್ಡಿಗೆ, ಮರೆಯ ಅಂತರ ಒಂದೂವರೆ ಮಿ.ಮೀ. ಇದ್ದಲ್ಲಿ, ಎಂಟು ಸುತ್ತು. ಬೆರಳಿನಿಂದ ನಟ್ ತಿರುಗಿಸಿ ಎಣಿಸಿದಾಗ ನಾಲ್ಕೈದು ಸುತ್ತಿಗೇ ಬಿಗಿಯಾದರೆ ಆ ಚಕ್ರ ಅಪಾಯದಲ್ಲಿದೆ ಎಂದೇ ಅರ್ಥ.

ಎರಡನೆಯದು ಸ್ವಂತ ಸ್ಟಡ್‌ಗಳುಳ್ಳ ದಪ್ಪ ಸ್ಪೇಸರ್. ಇದನ್ನು ಮೊದಲು ಹಬ್ಬಿಗೆ ನಟ್‌ಗಳಿಂದ ಬಿಗಿದು, ಬಳಿಕ ಇದರದೇ ಸ್ಟಡ್‌ಗಳಿಗೆ ಚಕ್ರವನ್ನು ಬಿಗಿಯುತ್ತಾರೆ. ಒಳ್ಳೆಯವು ಗಟ್ಟಿ ಅಲ್ಯೂಮಿನಿಯಂ ಮಿಶ್ರಲೋಹದಿಂದ ಇಲ್ಲವೇ ಉಕ್ಕಿನಿಂದ ಕಡೆದಂಥವು, ಹಬ್ಬಿನ ನಡುಗುಬ್ಬಿಗೆ ಸರಿಯಾಗಿ ಕೂರುವಂಥವು. ಅಗ್ಗದ ಎರಕದವೂ ಮಾರುಕಟ್ಟೆಗೆ ಬರುತ್ತವೆ. ಹೊರಗಿನ ಹೊಳಪು ನೋಡಿ ಎರಡನ್ನೂ ಬೇರ್ಪಡಿಸುವುದು ಸಾಧ್ಯವಿಲ್ಲ.

ಹಾಕುವುದೇಕೆ?

ಕಾರಣಗಳಿಲ್ಲದೆ ಯಾರೂ ಹಣ ಖರ್ಚು ಮಾಡುವುದಿಲ್ಲ. ಕಾರ್ಖಾನೆ ಕೊಟ್ಟ ಟೈರಿಗಿಂತ ದೊಡ್ಡ ಟೈರು ಹಾಕಿದಾಗ, ಸ್ಟೀರಿಂಗನ್ನು ಪೂರ್ತಿ ತಿರುಗಿಸಿದರೆ ಟೈರಿನ ಒಳಮೈ ಸ್ಪ್ರಿಂಗ್ ಪ್ಲೇಟಿಗೋ ಚಾಸಿಗೋ ಉಜ್ಜುತ್ತದೆ. ಉಜ್ಜುವುದನ್ನು ತಪ್ಪಿಸಲು ಚಕ್ರವನ್ನು ಹೊರಕ್ಕೆ ತಳ್ಳಬೇಕು. ಅದಕ್ಕೆ ಸ್ಪೇಸರ್. ಎರಡನೆಯ ಕಾರಣ, ಅಡ್ಡ ಇಳಿಜಾರಿನಲ್ಲಿ ವಾಹನ ಮಗುಚದಂತೆ ನೆಲೆ ಅಗಲವಾಗಲಿ ಎಂಬ ಬಯಕೆ. ಮೂರನೆಯದು, ಬಾಯಿಬಿಟ್ಟು ಹೇಳದಿದ್ದರೂ ಎಲ್ಲರೂ ಬಲ್ಲದ್ದು: ಮಡ್‌ಗಾರ್ಡಿನಿಂದ ಹೊರಚಾಚಿದ ಚಕ್ರ ನೋಡಲು ಗತ್ತಾಗಿರುತ್ತದೆ. ಸಾಹಸಕ್ಕೆಂದು ಬಂದ ಪ್ರವಾಸಿಗರು ಅಂಥ ಜೀಪನ್ನೇ ಆರಿಸಿ ಹತ್ತುತ್ತಾರೆ. ಬಾಡಿಗೆಯನ್ನೇ ನಂಬಿದ ಚಾಲಕನಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ಅದನ್ನು ಹಗುರವಾಗಿ ಕಾಣುವುದು ನ್ಯಾಯವಲ್ಲ.

ಸಮತೋಲದ ಲೆಕ್ಕ

ಅಗಲವಾದರೆ ಮಗುಚುವುದಿಲ್ಲ ಎಂಬ ನಂಬಿಕೆಯನ್ನು ಒಂದು ಸರಳ ಲೆಕ್ಕದಿಂದ ಪರೀಕ್ಷಿಸಬಹುದು. ವಾಹನದ ಸ್ಥಿರತೆಯನ್ನು ಅಳೆಯುವ ಪ್ರಾಥಮಿಕ ಮಾನ, ಚಕ್ರಾಂತರದ ಅರ್ಧವನ್ನು ಗುರುತ್ವಕೇಂದ್ರದ ಎತ್ತರದಿಂದ ಭಾಗಿಸಿದಾಗ ಬರುವ ಸಂಖ್ಯೆ. ಚಕ್ರಾಂತರ 1,500 ಮಿ.ಮೀ., ಗುರುತ್ವಕೇಂದ್ರದ ಎತ್ತರ 750 ಮಿ.ಮೀ. ಇರುವ ಜೀಪೊಂದನ್ನು ಊಹಿಸಿಕೊಳ್ಳಬಹುದು. ಅರ್ಧ ಚಕ್ರಾಂತರ 750, ಭಾಗಿಸಿದರೆ 1. ಅಂದರೆ ಕಾಗದದ ಮೇಲೆ ಅದು 45 ಡಿಗ್ರಿ ಓರೆಯವರೆಗೆ ನಿಲ್ಲುತ್ತದೆ. ಸ್ಪ್ರಿಂಗು, ಟೈರು ಬಾಗುವುದರಿಂದ ವಾಸ್ತವದಲ್ಲಿ ಇದಕ್ಕಿಂತ ಮೊದಲೇ ಉರುಳುತ್ತದೆ.

ಎರಡೂ ಬದಿಗೆ 30 ಮಿ.ಮೀ. ಸ್ಪೇಸರ್ ಹಾಕಿದರೆ ಅರ್ಧ ಚಕ್ರಾಂತರ 780 ಆಗುತ್ತದೆ. ಸಂಖ್ಯೆ 1.04. ಓರೆಯ ಮಿತಿ 46 ಡಿಗ್ರಿ. ಗಳಿಸಿದ್ದು ಒಂದೇ ಡಿಗ್ರಿ. ಆದರೆ ಸ್ಪೇಸರ್ ಒಂಟಿಯಾಗಿ ಬರುವುದು ಅಪರೂಪ. ಅದರ ಜೊತೆಗೆ ಎತ್ತರದ ಟೈರೂ, ಬಾಡಿಯನ್ನು ಮೇಲಕ್ಕೆತ್ತುವ ಸ್ಪ್ರಿಂಗುಗಳೂ ಬರುತ್ತವೆ. ಅವುಗಳಿಂದ ಗುರುತ್ವಕೇಂದ್ರ ಬರಿಯ 40 ಮಿ.ಮೀ. ಮೇಲೇರಿದರೂ ಲೆಕ್ಕ 780 ಭಾಗಿಸು 790 ಆಗುತ್ತದೆ. ಉತ್ತರ 0.99ಕ್ಕೂ ತುಸು ಕಡಿಮೆ. ಏನನ್ನೂ ಮಾಡದೆ ಇದ್ದಾಗಿನ ಸ್ಥಿತಿಗಿಂತಲೂ ವಾಹನ ಕೆಳಕ್ಕಿಳಿದಿದೆ. ಮೇಲೆ ಕ್ಯಾರಿಯರಿನಲ್ಲಿ ಸಾಮಾನು, ಹಿಂದೆ ಕಂಬಿ ಹಿಡಿದು ನಿಂತ ಪ್ರವಾಸಿಗರು ಸೇರಿದರೆ ಲೆಕ್ಕ ಇನ್ನೂ ಇಳಿಯುತ್ತದೆ. ಅಪಾಯ ಇಲ್ಲಿಯೇ ಇದೆ: ವಾಹನ ಹೆಚ್ಚು ಭದ್ರವಾಗಿದೆ ಎಂಬ ಭಾವನೆ ಚಾಲಕನಲ್ಲಿ ಉಳಿಯುತ್ತದೆ, ಭದ್ರತೆ ಮಾತ್ರ ಉಳಿದಿರುವುದಿಲ್ಲ.

ಕಣ್ಣಿಗೆ ಕಾಣದ ನಟ್‌ಗಳು

ಚಕ್ರದ ಭಾರವನ್ನು ಹೊರುವುದು ಸ್ಟಡ್‌ಗಳೆಂದು ಹಲವರ ತಿಳಿವಳಿಕೆ. ವಾಸ್ತವವಾಗಿ ಭಾರ ಹೊರುವುದು ನಟ್‌ಗಳ ಬಿಗಿತದಿಂದ ಒಂದಕ್ಕೊಂದು ಒತ್ತಿ ಹಿಡಿದ ಎರಡು ಮೈಗಳ ನಡುವಿನ ಘರ್ಷಣೆ. ಆ ಬಿಗಿತ ಇರುವತನಕ ಸ್ಟಡ್ ಬಾಗುವುದಿಲ್ಲ. ಬಿಗಿತ ಸಡಿಲಿದೊಡನೆ ಚಕ್ರದ ಪ್ರತಿ ಸುತ್ತಿಗೂ ಸ್ಟಡ್ ಒಮ್ಮೆ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಮುಕ್ಕಾಲು ಮೀಟರು ವ್ಯಾಸದ ಟೈರು ಒಂದು ಕಿ.ಮೀ.ಗೆ ಸುಮಾರು 425 ಸುತ್ತು ತಿರುಗುತ್ತದೆ, ನೂರು ಕಿ.ಮೀ.ಗೆ 42,000ಕ್ಕೂ ಹೆಚ್ಚು. ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿ ಮುರಿಯುವಂತೆಯೇ ಉಕ್ಕು ದಣಿದು ಮುರಿಯುತ್ತದೆ. ಒಂದು ಸ್ಟಡ್ ಮುರಿದರೆ ಅದರ ಪಾಲಿನ ಭಾರ ಉಳಿದವುಗಳ ಮೇಲೆ ಬೀಳುತ್ತದೆ. ಆ ಬಳಿಕ ಹೆಚ್ಚು ಸಮಯ ಹಿಡಿಯುವುದಿಲ್ಲ.

ಮಲೆನಾಡಿನಲ್ಲಿ ಈ ಬಿಗಿತ ಸಡಿಲಲು ಕಾರಣಗಳು ಹೇರಳ. ಹಬ್ಬಿನ ಮೈಮೇಲಿನ ತುಕ್ಕು, ಒಣಗಿದ ಕೆಸರು, ದಪ್ಪ ಬಣ್ಣ, ಇವುಗಳ ಮೇಲೆಯೇ ಸ್ಪೇಸರ್ ಇಟ್ಟು ಬಿಗಿದರೆ ಮೊದಲ ದಿನ ಗಟ್ಟಿಯಾಗಿಯೇ ಇರುತ್ತದೆ. ಓಡಾಡಿದಂತೆ ನಡುವಿನ ಪದರ ಪುಡಿಯಾಗಿ ಉದುರುತ್ತದೆ. ಅಷ್ಟೇ ಪ್ರಮಾಣದಲ್ಲಿ ಬಿಗಿತವೂ ಹೋಗುತ್ತದೆ. ಇಳಿಜಾರಿನಲ್ಲಿ ಬ್ರೇಕು ಹಿಡಿದು ಕಾದ ಹಬ್ಬು ಹಳ್ಳದ ತಣ್ಣೀರಿಗೆ ಇಳಿಯುವುದು ದಿನಕ್ಕೆ ಹಲವು ಬಾರಿ. ಅಲ್ಯೂಮಿನಿಯಮ್ಮೂ ಉಕ್ಕೂ ಕಾವಿಗೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು.

ಐದು ಸ್ಟಡ್ಡಿನ ಜೀಪಿನ ನಾಲ್ಕು ಚಕ್ರಗಳಲ್ಲಿ ಇಪ್ಪತ್ತು ನಟ್‌ಗಳಿವೆ. ಸ್ವಂತ ಸ್ಟಡ್ಡಿನ ಸ್ಪೇಸರ್ ಹಾಕಿದೊಡನೆ ಅವು ನಲವತ್ತಾಗುತ್ತವೆ. ಹೊರಗಿನ ಇಪ್ಪತ್ತನ್ನು ಸ್ಪ್ಯಾನರಿನಿಂದ ಬೆಳಗ್ಗೆ ಐದು ನಿಮಿಷದಲ್ಲಿ ಪರೀಕ್ಷಿಸಬಹುದು. ಒಳಗಿನ ಇಪ್ಪತ್ತನ್ನು ನೋಡಬೇಕಾದರೆ ನಾಲ್ಕೂ ಚಕ್ರಗಳನ್ನು ಬಿಚ್ಚಬೇಕು. ದಿನಕ್ಕೆ ನಾಲ್ಕಾರು ಬಾಡಿಗೆ ಹೊಡೆಯುವ ಚಾಲಕ ಇದನ್ನು ಎಷ್ಟು ಬಾರಿ ಮಾಡಲು ಸಾಧ್ಯ? ಉತ್ತರ ಎಲ್ಲರಿಗೂ ಗೊತ್ತಿದೆ. ಸ್ಪೇಸರಿನ ನಿಜವಾದ ದೋಷ ಲೋಹದಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಈ ಮರೆಯಲ್ಲಿದೆ.

ಮುಂಚಕ್ರದಲ್ಲಿ ಇನ್ನೊಂದು ತೊಡಕುಂಟು. ಸ್ಟೀರಿಂಗು ತಿರುಗುವ ಅಕ್ಷವು ನೆಲವನ್ನು ಮುಟ್ಟುವ ಬಿಂದುವಿಗೂ ಟೈರಿನ ನಡುಗೆರೆಗೂ ಒಂದು ಗೊತ್ತಾದ ಅಂತರವಿರುತ್ತದೆ. ಅದು 30 ಮಿ.ಮೀ. ಇದ್ದ ವಾಹನಕ್ಕೆ 30 ಮಿ.ಮೀ. ಸ್ಪೇಸರ್ ಹಾಕಿದರೆ ಅಂತರ ಇಮ್ಮಡಿಯಾಗುತ್ತದೆ. ಒಂದು ಚಕ್ರ ಕಲ್ಲಿಗೆ ಬಡಿದಾಗ ಸ್ಟೀರಿಂಗಿಗೆ ಬರುವ ಹೊಡೆತವೂ ಹೆಚ್ಚುಕಡಿಮೆ ಇಮ್ಮಡಿಯೇ. ಒಂದು ಬದಿ ದರೆ, ಇನ್ನೊಂದು ಬದಿ ಕಂದರ ಇರುವ ದಾರಿಯಲ್ಲಿ ಸ್ಟೀರಿಂಗು ಕೈತಪ್ಪುವುದೆಂದರೇನೆಂದು ವಿವರಿಸಬೇಕಾಗಿಲ್ಲ. ಹಬ್ಬಿನ ಬೇರಿಂಗಿನ ಮೇಲೂ ಭಾರ ಓರೆಯಾಗಿ ಬೀಳುತ್ತದೆ. ಅದು ಬೇಗ ಸವೆಯುತ್ತದೆ.

ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಬೇರಿಂಗು, ಸ್ಟೀರಿಂಗುಗಳ ಮೇಲಿನ ಈ ಪರಿಣಾಮ ಸ್ಪೇಸರಿಗೆ ಮಾತ್ರ ಮೀಸಲಲ್ಲ. ರಿಮ್ಮಿನ ನಡುಗೆರೆಯಿಂದ ಅದು ಹಬ್ಬಿಗೆ ಕೂರುವ ಮೈ ಎಷ್ಟು ದೂರವಿದೆ ಎಂಬುದನ್ನು ಆಫ್‌ಸೆಟ್ ಎನ್ನುತ್ತಾರೆ. 40 ಮಿ.ಮೀ. ಆಫ್‌ಸೆಟ್ಟಿನ ರಿಮ್ಮಿಗೆ 30 ಮಿ.ಮೀ. ಸ್ಪೇಸರ್ ಸೇರಿಸುವುದೂ, 10 ಮಿ.ಮೀ. ಆಫ್‌ಸೆಟ್ಟಿನ ರಿಮ್ಮನ್ನೇ ಹಾಕುವುದೂ ಚಕ್ರದ ಸ್ಥಾನದ ಮಟ್ಟಿಗೆ ಒಂದೇ. ಆದರೆ ಎರಡನೆಯದರಲ್ಲಿ ಅಡಗಿದ ನಟ್‌ಗಳಿಲ್ಲ, ಹೆಚ್ಚಿನ ಕೀಲಿಲ್ಲ.

ಚಕ್ರಾಂತರ ಹೆಚ್ಚಿಸುವುದೇ ಪಾಪವೆಂದೂ ಅಲ್ಲ. 1985ರಲ್ಲಿ ಬಂದ ಮಾರುತಿ ಜಿಪ್ಸಿಯ ಚಕ್ರಾಂತರವನ್ನು 1993ರಲ್ಲಿ ಕಾರ್ಖಾನೆಯೇ 90 ಮಿ.ಮೀ. ಹೆಚ್ಚಿಸಿ, ಮುಂದೆ 1,300 ಮತ್ತು ಹಿಂದೆ 1,310 ಮಿ.ಮೀ. ಮಾಡಿತು, ಚಕ್ರಗಳ ಮೇಲೆ ಅಗಲವಾದ ಅಂಚುಗಳನ್ನೂ ಕೂರಿಸಿತು. ಆ ಅಂಚುಗಳಿಂದಲೇ ಹೊಸ ಜಿಪ್ಸಿಯನ್ನು ದೂರದಿಂದ ಗುರುತಿಸಬಹುದಾಗಿತ್ತು. ವಾಹನ ರೂಪಿಸಿದವರೇ ಅದನ್ನು ಮತ್ತೆ ರೂಪಿಸಿ, ಹೊಣೆ ಹೊತ್ತು ಮಾರುವುದು ಒಂದು ಕ್ರಮ. ರೂಪಿಸಿದವರಿಗೆ ತಿಳಿಯದಂತೆ ನಡುವೆ ಬಿಲ್ಲೆ ಸೇರಿಸುವುದು ಇನ್ನೊಂದು ಕ್ರಮ. ಅಪಘಾತವಾದ ದಿನ ಹೊಣೆ ಯಾರದೆಂಬ ಪ್ರಶ್ನೆಯಲ್ಲಿ ಇವೆರಡರ ಅಂತರ ತಿಳಿಯುತ್ತದೆ.

ದಾರಿಗೆ ಏನಾಗುತ್ತದೆ?

ಈಗ ಜೀಪಿನಿಂದ ಇಳಿದು ನೆಲವನ್ನು ನೋಡಬಹುದು. ವಿಲ್ಲಿಸ್ ಜೀಪಿನ ಚಕ್ರಾಂತರ 49 ಅಂಗುಲ, ಅಂದರೆ 1,245 ಮಿ.ಮೀ. ಟೈರಿನ ಅಗಲ 150 ಮಿ.ಮೀ.ನಷ್ಟು. ಎಡ ಟೈರಿನ ಹೊರ ಅಂಚಿನಿಂದ ಬಲ ಟೈರಿನ ಹೊರ ಅಂಚಿಗೆ ಸುಮಾರು 1,395 ಮಿ.ಮೀ. ಮಲೆನಾಡಿನ ಎಷ್ಟೋ ತೋಟದ ದಾರಿಗಳ ಜಾಡು ಈ ಅಳತೆಗೆ ಬಿದ್ದದ್ದು. ಚಕ್ರಾಂತರ 1,500 ಮಿ.ಮೀ., ಟೈರಿನ ಅಗಲ 255 ಮಿ.ಮೀ. ಇರುವ ಇಂದಿನ ವಾಹನಕ್ಕೆ ಇದೇ ಅಳತೆ 1,755 ಮಿ.ಮೀ. ಆಗುತ್ತದೆ. ಸ್ಪೇಸರ್ ಸೇರಿದರೆ 1,815. ಹಳೆಯ ಜೀಪಿಗಿಂತ 420 ಮಿ.ಮೀ. ಹೆಚ್ಚು. ಈ 420ರಲ್ಲಿ ಸ್ಪೇಸರಿನ ಪಾಲು 60 ಮಾತ್ರ ಎಂಬುದು ನಿಜ. ಆದರೆ ದೊಡ್ಡ ಟೈರು ಸ್ಪೇಸರನ್ನು ಕರೆಯುತ್ತದೆ, ಸ್ಪೇಸರ್ ಇನ್ನೂ ದೊಡ್ಡ ಟೈರಿಗೆ ಎಡೆಮಾಡುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಎಣಿಸಲಾಗದು.

ಒಂದು ಕಿ.ಮೀ. ದಾರಿಯಲ್ಲಿ ಈ 420 ಮಿ.ಮೀ. ಹೆಚ್ಚುವರಿ ಅಗಲವೆಂದರೆ 420 ಚದರ ಮೀಟರು ನೆಲ. ರೈತರ ಭಾಷೆಯಲ್ಲಿ ನಾಲ್ಕು ಗುಂಟೆಗೂ ತುಸು ಹೆಚ್ಚು. ಅಷ್ಟು ಹುಲ್ಲು, ಜರಿಗಿಡ, ಬೇರಿನ ಹಿಡಿತ ಚಕ್ರದ ಕೆಳಗಾಗುತ್ತದೆ. ಹಳೆಯ ಜಾಡಿನೊಳಗೆ ಓಡುತ್ತಿದ್ದ ಚಕ್ರ ಈಗ ಜಾಡಿನ ಹೊರ ಅಂಚನ್ನು ಮುರಿಯುತ್ತದೆ. ಒಂದು ಕಡೆ ದರೆಯ ಬುಡ ಕೊರೆಯುತ್ತದೆ, ಇನ್ನೊಂದು ಕಡೆ ನೀರು ಹರಿಯುವ ಚರಂಡಿ ಕುಸಿಯುತ್ತದೆ. ಅಳತೆ ಬೇರೆ ಬೇರೆಯ ವಾಹನಗಳು ಒಂದೇ ದಾರಿಯಲ್ಲಿ ಓಡಿದಾಗ ಜಾಡುಗಳು ಒಂದರ ಮೇಲೊಂದು ಬಿದ್ದು, ದಾರಿಯ ಹಸಿರು ಅಂಚುಗಳು ಅಳಿದು, ಕೊನೆಗೆ ಬರಿಯ ಕೆಮ್ಮಣ್ಣಿನ ಪಟ್ಟಿ ಉಳಿಯುತ್ತದೆ.

ಚಕ್ರ ಹೊರಕ್ಕೆ ಹೋದರೆ ಭಾರ ಹಂಚಿಹೋಗಿ ನೆಲಕ್ಕೆ ಒತ್ತಡ ಕಡಿಮೆಯಾಗುತ್ತದೆ ಎಂದು ವಾದಿಸುವವರಿದ್ದಾರೆ. ಇದು ಸರಿಯಲ್ಲ. ಒತ್ತಡವನ್ನು ನಿರ್ಧರಿಸುವುದು ವಾಹನದ ತೂಕ, ಟೈರಿನ ಗಾಳಿ ಮತ್ತು ಟೈರು ನೆಲಕ್ಕೆ ತಗಲುವ ವಿಸ್ತಾರ. ಸ್ಪೇಸರ್ ಇವುಗಳಲ್ಲಿ ಯಾವುದನ್ನೂ ಬದಲಿಸುವುದಿಲ್ಲ. ತುಳಿತ ಅಷ್ಟೇ, ತುಳಿಯುವ ಜಾಗ ಮಾತ್ರ ಬೇರೆ.

ತುಳಿತಕ್ಕೆ ಸಿಕ್ಕ ಮಣ್ಣಿನೊಳಗಿನ ಸಣ್ಣ ರಂಧ್ರಗಳು ಮುಚ್ಚಿಹೋಗುತ್ತವೆ. ಇಂಗಬೇಕಾದ ನೀರು ಇಂಗದೆ ಹರಿಯುತ್ತದೆ. ಆಗುಂಬೆಯಂಥ ಕಡೆ ಒಂದೇ ದಿನ 100 ಮಿ.ಮೀ. ಮಳೆ ಸುರಿಯುವುದು ಅಪರೂಪವಲ್ಲ. ಗಟ್ಟಿಯಾದ 420 ಚದರ ಮೀಟರಿನ ಮೇಲೆ ಅಂಥ ಒಂದು ದಿನ ಬೀಳುವ ನೀರು 42,000 ಲೀಟರು. ಅದರ ಬಹುಪಾಲು ಜಾಡು ಹಿಡಿದು ಇಳಿಜಾರಿಗೆ ಧಾವಿಸುತ್ತದೆ. ಜಾಡನ್ನು ಕೊರಕಲು ಮಾಡುತ್ತದೆ. ಕೊಚ್ಚಿದ ಮಣ್ಣನ್ನು ಕೆಳಗಿನ ಹಳ್ಳಕ್ಕೆ, ಅಲ್ಲಿಂದ ಯಾರದೋ ಗದ್ದೆಗೆ ಸುರಿಯುತ್ತದೆ. ಮರುವರ್ಷ ಕೊರಕಲಿನ ದಾರಿ ದಾಟಲು ಇನ್ನೂ ಎತ್ತರದ ಜೀಪು ಬೇಕಾಗುತ್ತದೆ! ಅದು ಕೊರಕಲಿನ ಪಕ್ಕದ ಹುಲ್ಲಿನ ಮೇಲೆ ಹೊಸ ಜಾಡು ಹಾಕುತ್ತದೆ.

ಶೋಲಾ ಕಾಡಿನ ನೆತ್ತಿಯ ಹುಲ್ಲುಗಾವಲಿನಲ್ಲಿ ಈ ಹಾನಿ ಎಲ್ಲಕ್ಕಿಂತ ಹೆಚ್ಚು. ಅಲ್ಲಿನ ಮಣ್ಣಿನ ಪದರ ತೆಳುವು, ಗಾಳಿ ಬಿರುಸು, ಹುಲ್ಲು ಮತ್ತೆ ಹಬ್ಬುವುದು ನಿಧಾನ. ಹಲವು ವರ್ಷಗಳಿಗೊಮ್ಮೆ ಹೂಬಿಟ್ಟು ಸಾಯುವ ಕುರಿಂಜಿಯ ಬೀಜ ಮೊಳೆಯುವುದು ಇದೇ ಮಣ್ಣಿನಲ್ಲಿ. ಮಡಿಕೇರಿ ಬಳಿಯ ಮಾಂದಲಪಟ್ಟಿಯಂಥ ಬೆಟ್ಟಗಳಿಗೆ ಜೀಪಿನಲ್ಲಿ ಹೋಗುವವರು ನೋಡಲು ಬರುವುದು ಈ ಹುಲ್ಲನ್ನೇ, ಈ ಮಂಜನ್ನೇ. ಪಶ್ಚಿಮಘಟ್ಟದ 39 ತಾಣಗಳು 2012ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಅವುಗಳಲ್ಲಿ ಹತ್ತು ಕರ್ನಾಟಕದವು. ನೋಡಲು ಬಂದ ವಸ್ತುವನ್ನೇ ಚಕ್ರದಡಿ ಹಾಕಿದರೆ ನಾಳಿನ ಬಾಡಿಗೆ ಎಲ್ಲಿಂದ ಹುಟ್ಟೀತು?

ಕಾನೂನು ಏನೆನ್ನುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆ, ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಉಂಟು. ದಂಡಕ್ಕಿಂತ ದೊಡ್ಡ ಚಿಂತೆ ವಿಮೆಯದು. ಚಕ್ರ ಕಳಚಿ ಅಪಘಾತವಾದಾಗ ಮಾರ್ಪಾಡಿನ ನೆವದಿಂದ ತಕರಾರು ಎದ್ದರೆ, ಸಾಲದಲ್ಲಿ ಕೊಂಡ ಜೀಪಿನ ಬಡ ಮಾಲೀಕ ತಲೆಯೆತ್ತಲಾರ. ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ವಾಹನ ನುಗ್ಗಿಸುವುದಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇರೆಯೇ ಅಪರಾಧ.

ಮಾಡಬಹುದಾದದ್ದು

ಮೊದಲನೆಯದಾಗಿ, ಪ್ರವಾಸಿಗರನ್ನೋ ಶಾಲೆಮಕ್ಕಳನ್ನೋ ಒಯ್ಯುವ ಜೀಪಿನಲ್ಲಿ ಸ್ಪೇಸರ್ ಇದ್ದರೆ ಬಿಚ್ಚಿಡುವುದು. ಕಾರ್ಖಾನೆಯ ಅಳತೆಯ ರಿಮ್ಮು, ಟೈರುಗಳಿಗೆ ಮರಳುವುದು. ಬಿಚ್ಚಿದ ದಿನ ಸ್ಟಡ್‌ಗಳನ್ನು ಒಂದೊಂದಾಗಿ ನೋಡಿ, ಮರೆ ಸವೆದದ್ದನ್ನೂ ಬಾಗಿದ್ದನ್ನೂ ಬದಲಿಸುವುದು. ಬಿಚ್ಚುವ ತನಕವಾದರೂ ಹಬ್ಬಿನ ಮೈಯನ್ನು ಬ್ರಶ್ಶಿನಿಂದ ಉಜ್ಜಿ ಶುದ್ಧಮಾಡಿ, ಟಾರ್ಕ್ ರೆಂಚಿನಿಂದ ತಯಾರಕರು ಹೇಳಿದಷ್ಟೇ ಬಿಗಿದು, 50ರಿಂದ 100 ಕಿ.ಮೀ. ಓಡಿದ ಬಳಿಕ ಚಕ್ರ ಬಿಚ್ಚಿ ಒಳಗಿನ ನಟ್‌ಗಳನ್ನು ಮತ್ತೆ ಪರೀಕ್ಷಿಸುವುದು. ನಟ್ಟಿನ ಸುತ್ತ ತುಕ್ಕಿನ ಗೆರೆ ಇಳಿದಿದ್ದರೆ, ಸ್ಟೀರಿಂಗಿನಲ್ಲಿ ಹೊಸ ನಡುಕ ಕಂಡರೆ, ಚಕ್ರದಿಂದ ಟಕಟಕ ಸದ್ದು ಬಂದರೆ ವಾಹನವನ್ನು ಅಲ್ಲಿಯೇ ನಿಲ್ಲಿಸುವುದು.

ಎರಡನೆಯದಾಗಿ, ಕೆಸರು ದಾಟಲು ಅಗಲ ನೆಲೆಗಿಂತ ಉಪಯುಕ್ತವಾದ, ಖರ್ಚಿಲ್ಲದ ಉಪಾಯವೊಂದಿದೆ. ಟೈರಿನ ಗಾಳಿಯನ್ನು ಮಿತವಾಗಿ ಇಳಿಸಿದರೆ ಟೈರು ಉದ್ದಕ್ಕೆ ಹರಡಿ ನೆಲವನ್ನು ಹಿಡಿಯುತ್ತದೆ, ನೆಲಕ್ಕೂ ಒತ್ತಡ ಕಡಿಮೆಯಾಗುತ್ತದೆ. ಡಾಂಬರಿಗೆ ಬರುವ ಮೊದಲು ಗಾಳಿ ತುಂಬಿಸಿಕೊಳ್ಳಲು ಒಂದು ಪಂಪು ಸಾಕು. ನಾಲ್ಕು ಚಕ್ರದ ಗೇರನ್ನು ಕೆಸರಿಗೆ ಇಳಿಯುವ ಮೊದಲೇ ಹಾಕಿ, ಚಕ್ರ ಗಿರ್ರನೆ ಸುತ್ತದಂತೆ ನಡಿಗೆಯ ವೇಗದಲ್ಲಿ ಸಾಗುವುದು ಹಿರಿಯ ಚಾಲಕರು ಬಲ್ಲ ವಿದ್ಯೆ. ಮಣ್ಣನ್ನು ಅತಿಯಾಗಿ ಕೀಳುವುದು ನಿಂತಲ್ಲೇ ಸುತ್ತುವ ಚಕ್ರ.

ಮೂರನೆಯದಾಗಿ, ದಾರಿಯ ಅಗಲವನ್ನು ಊರವರೇ ನಿಗದಿಮಾಡುವುದು. ಜಾಡು ಬಿಟ್ಟು ಹುಲ್ಲಿಗೆ ಇಳಿಯಬಾರದೆಂಬ ಕಟ್ಟುಪಾಡು, ಮಳೆ ಬಿರುಸಾದ ವಾರಗಳಲ್ಲಿ ಬೆಟ್ಟದ ದಾರಿಗೆ ವಿರಾಮ, ಮಳೆಗಾಲಕ್ಕೆ ಮುನ್ನ ಚರಂಡಿ, ಮೋರಿಗಳ ದುರಸ್ತಿ. ಇದನ್ನು ಚಾಲಕರೂ ತೋಟಗಾರರೂ ಒಟ್ಟಿಗೆ ಕುಳಿತು ತೀರ್ಮಾನಿಸಬೇಕು. ಒಬ್ಬ ಚಾಲಕ ಮಾತ್ರ ಸ್ಪೇಸರ್ ಬಿಚ್ಚಿದರೆ ಪ್ರವಾಸಿ ಪಕ್ಕದ ಜೀಪು ಹತ್ತಬಹುದು. ಎಲ್ಲರೂ ಬಿಚ್ಚಿದರೆ ಯಾರ ಬಾಡಿಗೆಯೂ ತಪ್ಪುವುದಿಲ್ಲ. ಕಾನೂನಿನ ಭಯ ತಾರದ ಬದಲಾವಣೆಯನ್ನು ಸಂಘದ ಮಾತು ತರಬಲ್ಲದು.

ಮಲೆನಾಡಿನ ಹಿರಿಯರು ದಾರಿಗೆ ತಕ್ಕ ಗಾಡಿ ಕಟ್ಟಿಸಿದರು. ಗಾಡಿಗೆ ತಕ್ಕಂತೆ ಬೆಟ್ಟವನ್ನು ಅಗಲಿಸಹೊರಟರೆ ಬೆಟ್ಟ ಎಷ್ಟು ದಿನ ತಡೆದೀತು? ಈ ಸಭೆಯಲ್ಲಿರುವ ಚಾಲಕರು ಈ ಸಂಜೆಯೇ ತಮ್ಮ ತಮ್ಮ ಜೀಪಿನ ಒಂದು ಚಕ್ರವನ್ನು ಬಿಚ್ಚಿ, ಅದರ ಹಿಂದೆ ಏನಿದೆ ಎಂದು ನೋಡಲಿ. ಮುಂದಿನ ಮಾತುಕತೆ ಅಲ್ಲಿಂದ ಆರಂಭವಾಗಲಿ.